ಕೊಯ್ದ ಹಾಸು

10-2-2025, ಬೆಳಿಗ್ಗೆ

ವಸಂತ, ಹೇಗಿದ್ದೀಯ? ನಿಮ್ಮ ಯಜಮಾನರ ಮಂಡಿನೋವು ಇಳಿಯಿತೆ? ನಿನ್ನ ಮಗಳು ಅಂಜನಾಳ ಕೆಮ್ಮು? ಚಿಕ್ಕವಳು ದಿವ್ಯ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ ಇಲ್ಲವೋ? ಹನೂರಿಗೆ ನಿನಗೆ ಕಾಗದ ಹಾಕುವ ಮುಂಚೆ ಡೈರಿಯಲ್ಲಿ ಗೀಚಿಕೊಳ್ಳುವುದು ನನ್ನ ಅಭ್ಯಾಸ. ಅರ್ಧ ಕಳಿಸುತ್ತೇನೆ, ಅರ್ಧ ಇಲ್ಲೇ ಉಳಿಯುತ್ತದೆ.

ನಮ್ಮ ತಮ್ಮ ನಟರಾಜು ಮಗ್ಗದ ಗುಂಡಿಗೆ ಇಳಿದಿದ್ದಾನೆ. ನಾನು ರಾಟೆ ಹತ್ತಿರ. ಅವನಿಗೂ ಮಗ ದಿನೇಶನಿಗೂ ದಿನಾ ಜಟಾಪಟಿ. ದಿನೇಶ ತಾರಸಿಗೆ ಸೋಲಾರ್ ಹಾಕಿಸಿದ. ಬಣ್ಣದ ನೀರು ಚರಂಡಿಗೆ ಹೋಗದ ಹಾಗೆ ತೊಟ್ಟಿ ಕಟ್ಟಿಸಿದ. ಸೀರೆಗೊಂದು ಚೀಟಿ, ಮೊಬೈಲ್ ಹಿಡಿದರೆ ಅಪ್ಪನ ಫೋಟೋ ಬರುತ್ತದೆ, ನೇಯ್ದವರು ನಟರಾಜು ಅಂತ. ನಟರಾಜು ಒಳಗೊಳಗೇ ಬೀಗಿದ, ಬಾಯಲ್ಲಿ ಬೈದ. ಇನ್ನು ಸೀರೆಯ ಚಿತ್ತಾರಕ್ಕೆ ಎಳೆ ತಾನೇ ಎತ್ತುವ ಮಿಶಿನ್ನು, ಕಂಪ್ಯೂಟರ್ ಜಕಾರ್ಡ್, ಬರುತ್ತದಂತೆ. ಬರದಿದ್ದರೆ ಈ ಮಗ್ಗ ಅಪ್ಪನ ಕಾಲಕ್ಕೇ ಮುಗಿಯುತ್ತದೆ ಅನ್ನುತ್ತಾನೆ ದಿನೇಶ.

13-2, ಮಧ್ಯಾಹ್ನ



ನಟರಾಜು ಯಳಂದೂರಿಗೆ ಹೋಗಿದ್ದಾಗ ಮಿಶಿನ್ನಿನವರು ಬಂದು ಜಕಾರ್ಡ್ ಇಳಿಸಿದರು. ಮಗ್ಗ ಖಾಲಿ ಮಾಡಿ ಅಂದರು. ದಿನೇಶ ಬ್ಲೇಡು ತೆಗೆದು ಹಾಸನ್ನು, ಮಗ್ಗದ ಉದ್ದಕ್ಕೂ ಹೂಡಿದ್ದ ಎಳೆಗಳನ್ನು, ಅಡ್ಡಕ್ಕೆ ಕೊಯ್ದ. ನಾನು ಹಿತ್ತಲಿಂದ ಬರುವಷ್ಟರಲ್ಲಿ ಎಳೆಗಳು ನೆಲದ ಮೇಲೆ...

ನಮ್ಮ ಮನೆಯಲ್ಲಿ ಸೀರೆ ಇಳಿಸಿದರೂ ಹಳೆ ಹಾಸಿನ ತುದಿ ಮಗ್ಗದಲ್ಲೇ ಬಿಡುತ್ತೇವೆ. ಹೊಸದನ್ನು ಅದಕ್ಕೇ ಎಳೆ ಎಳೆಯಾಗಿ ಹೊಸೆಯುತ್ತೇವೆ. ಮಗ್ಗ ಬರಿದಾಗುವುದು ಅದರಲ್ಲಿ ಕೂರುವವನು ಸತ್ತಾಗ ಮಾತ್ರ. ನಮ್ಮ ಅಪ್ಪನ ಹಾಸು ಕೊಯ್ದದ್ದು ನಿನಗೆ ನೆನಪಿದೆಯಲ್ಲ — ಹೆಣ ಎತ್ತುವ ಮುಂಚೆ. ದಿನೇಶ ಆಗ ಹುಟ್ಟಿರಲಿಲ್ಲ.

ಯಳಂದೂರಿಂದ ಬಂದ ನಟರಾಜು ಬಾಗಿಲಲ್ಲೇ ನಿಂತು ನೋಡಿದ. 

"ಫೋಟೋನೂ ಆಯ್ತು, ಆಸೂ ಕುಯ್ದಾಯ್ತು. ಊವಿನ ಆರ ಮರ್ತ್‌ಬುಟ್ಯೇನ್ಲಾ?"

ದಿನೇಶ ತಮಾಷೆಯೆಂದು ನಕ್ಕ.

ನಟರಾಜು ಕಬ್ಬಿಣದ ಸಲಾಕೆ ಎತ್ತಿದ. ಮೊದಲ ಏಟು ಮಿಶಿನ್ನಿಗೆ. ಎರಡನೆಯದು, ಅಡ್ಡ ಬಂದ ಮಗನ ಬಲಗೈಗೆ. ಮೂಳೆಯ ಸದ್ದು ಕೇಳಿಸಿತು. ದಿನೇಶ ಎಡಗೈಯಲ್ಲೇ ಅಪ್ಪನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. ತಲೆ ಒಡೆಯಿತು. ಬಿಳಿ ರೇಷ್ಮೆ ಲಡಿಯೆಲ್ಲ ರಕ್ತ. ನಡುವೆ ನುಗ್ಗಿದೆ. ಯಾರ ಮೊಣಕೈಯೋ — ನನ್ನ ಹಲ್ಲೊಂದು ಅಲ್ಲಾಡುತ್ತಿದೆ.

25-2

ಬರೆಯಲಾಗಲಿಲ್ಲ. ದಿನೇಶನ ಕೈಗೆ ರಾಡ್ ಹಾಕಿದ್ದಾರೆ. ನಟರಾಜು ತಲೆಗೆ ಹೊಲಿಗೆ. ಬಿದ್ದೆ ಅಂತ ಡಾಕ್ಟರಿಗೆ ಇಬ್ಬರೂ ಹೇಳಿದರು.  ತಮ್ಮನ ದಿಂಬಿನ ಕೆಳಗೆ ಮಚ್ಚು ಸಿಕ್ಕಿತು. ಬಾವಿಗೆ ಎಸೆದೆ. ಹೊಸದು ತಂದ.

2-3, ಸಂಜೆ

ದಿನೇಶನಿಗೆ ಅವನ ತಾತನ ಹಾಸಿನ ಸಂಗತಿ ಹೇಳಿದೆ. 

"ಅತ್ತೆ, ನಂಗ್ಯಾರೂ ಯೋಳ್ನೇ ಇಲ್ವಲ್ಲ."

4-3, ಬೆಳಿಗ್ಗೆ

ಮಿಶಿನ್ನಿನವರು ನಿನ್ನೆ ರಿಪೇರಿ ಮಾಡಿ ಹೋದರು. ಈಗ ಜಕಾರ್ಡ್ ಮಗ್ಗದ ನೆತ್ತಿಯ ಮೇಲೆ ಕೂತಿದೆ. ನಟರಾಜು ಬೇಡ ಅನ್ನಲಿಲ್ಲ. ಬರಿದಾದ ಮಗ್ಗ ನೋಡಲಾರ.

ಬರಿ ಮಗ್ಗಕ್ಕೆ ಹಾಸು ಹೂಡಲು ಇಬ್ಬರು ಬೇಕು. ಹಿಂದೆ ಕೂತವರು ಎಳೆ ಕೊಡಬೇಕು, ಮುಂದಿನವರು ಕೊಕ್ಕೆಯಲ್ಲಿ ಎಳೆದುಕೊಳ್ಳಬೇಕು. ನಟರಾಜು ಮುಂದೆ ಕೂತು ನನ್ನನ್ನು ಕರೆದ. ಮಚ್ಚು ತೊಡೆಯ ಪಕ್ಕ. ಕಣ್ಣು ಕಾಣಿಸುವುದಿಲ್ಲ ಕಣಪ್ಪ ಅಂದೆ. ಕಾಣಿಸುತ್ತದೆ, ನಿನಗೆ ಗೊತ್ತು ವಸಂತ; ದಿನೇಶ ಕೂರಲಿ ಅಂತ ಹೇಳಿದ ಸುಳ್ಳು.

ದಿನೇಶ ಬಂದ. ಹಿಂದೆ ಕೂತ. ಎಡಗೈಯಲ್ಲಿ ಒಂದು ಎಳೆ ಚಾಚಿದ.

ನಟರಾಜು ಕೈ ಮಚ್ಚಿನ ಮೇಲೆ ಹೋಯಿತು.

"ಎಡಗೈಲಿ ಕೊಡ್ಬ್ಯಾಡ ಕಣ್ಲಾ."

"ಬಲಗೈ ನೀನೇ ಮುರ್ದಾಕ್ದಲ್ಲಪ್ಪ."

ನಟರಾಜು ಮಚ್ಚಿನ ಮೇಲಿಂದ ಕೈ ತೆಗೆದ. ಆಮೇಲೆ ಕೊಕ್ಕೆ ಮುಂದೆ ಬಂತು. ಎಳೆ ದಾಟಿತು. ಇನ್ನೊಂದು.

ಮಚ್ಚು ಅಲ್ಲೇ ಇದೆ. ಎಳೆಗಳು ಸಾವಿರಾರು. ನಾನು ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ, ಏಳಲು ಧೈರ್ಯವಿಲ್ಲ. ಬೇಗ ಕಾಗದ ಬರಿ, ವಸಂತ. ಇಲ್ಲಾ ನೀನೇ ಹೊರಟು ಬಾ.