ಬೀಸುವ ಪದದ ನಡುವಿನ ಉಸಿರು

ಬಸವಕಲ್ಯಾಣ
೧೨ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಭೀಮಶಾ ಅಣ್ಣಾ,

ನಿನ್ನ ಹಾಡು ಚೆನ್ನಾಗಿ ಬಂದಿದೆ, ಅವ್ವ ಖುಷಿಯಾಗಿದ್ದಾಳೆ ಎಂದಷ್ಟೇ ಬರೆದು ಈ ಪತ್ರ ಮುಗಿಸುವವಳಿದ್ದೆ. ಒಂದು ಹಾಳೆ ಹಾಗೆ ಬರೆದೂ ಆಗಿತ್ತು. ಅದನ್ನು ಹರಿದು ಇದನ್ನು ಶುರುಮಾಡಿದ್ದೇನೆ. ನಾವೆಲ್ಲ ಇಲ್ಲಿ ಆರಾಮ. ನೀನು ಹೇಗಿದ್ದೀ? ಪತ್ರದಲ್ಲಿ ಎಲ್ಲರೂ ಕೇಳುವ ಮಾತು ಇದು, ಉತ್ತರ ಬರಲೇಬೇಕೆಂದು ಯಾರೂ ಕಾಯುವುದಿಲ್ಲ. ಈ ಸಲ ನನಗೆ ಉತ್ತರ ಬೇಕು. ಫೋನಿನಲ್ಲಿ ಕೇಳಬಹುದಿತ್ತು, ಆದರೆ ನೀನು ಸೋಲಾಪುರದಲ್ಲಿ ಕಲ್ಲು ಕೊಯ್ಯುವ ಮಶೀನಿನ ಪಕ್ಕ ನಿಂತೇ ಫೋನ್ ಎತ್ತುತ್ತೀ, ಏನಾದರೂ ಚೇಷ್ಟೆ ಮಾಡಿ ಇಟ್ಟುಬಿಡುತ್ತೀ. ನಾನೂ ಈಚೆಗೆ ನಿನ್ನ ಮಾತು ಬಿಟ್ಟು ಮಾತಿನ ನಡುವಿನ ಉಸಿರನ್ನೇ ಕೇಳುತ್ತ ಕೂರುತ್ತೇನೆ. (ನನ್ನ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಒತ್ತಕ್ಷರ ತಪ್ಪಿದ್ದರೆ ನಿನ್ನ ಮಗಳು ಕಾಜಲಳಿಗೆ ತೋರಿಸಿ ನಗಬೇಡ.)

ನಡೆದದ್ದು ಇಷ್ಟು. ಅವ್ವ ಮರೆತಿರುವ ಬೀಸುವ ಪದಗಳನ್ನು ನೀನು ಹಾಡಿ ಫೋನಿಗೆ ಕಳಿಸಿದ್ದೆಯಲ್ಲ, ಅವನ್ನು ಹಿಂದಿನ ಕೋಣೆಯಲ್ಲಿ, ಸದ್ದು ಮಾರ್ದನಿಸದಿರಲೆಂದು ಗೋಡೆಗೆಲ್ಲ ಕೌದಿ ತೂಗುಹಾಕಿದ ನನ್ನ ಸ್ಟುಡಿಯೋದಲ್ಲಿ, ಕಂಪ್ಯೂಟರಿಗೆ ಹಾಕಿ ಕುಳಿತೆ. ಅವ್ವನ ಕಿವಿ ಈಗ ಇನ್ನಷ್ಟು ಮಂದ. ನೀನು ದನಿ ಇಳಿಸಿದಲ್ಲಿ ಆಕೆಗೆ ಏನೂ ಕೇಳಿಸದು. ಏರಿಸಿದಲ್ಲಿ ಹೆಡ್‌ಫೋನ್ ಕಿತ್ತು ಒಗೆಯುತ್ತಾಳೆ. ಅದಕ್ಕೆ ಕಂಪ್ರೆಸರ್ ಹಾಕಿದೆ. ಅದು ಜೋರಾದ ದನಿಯನ್ನು ಅದುಮುತ್ತದೆ; ಆಮೇಲೆ ಒಟ್ಟು ಸದ್ದನ್ನು ಏರಿಸಿದರೆ ಮೆಲ್ಲಗಿದ್ದದ್ದೂ ಮುಂದೆ ಬಂದು ನಿಲ್ಲುತ್ತದೆ. ಕೊನೆಯಲ್ಲಿ ಲಿಮಿಟರ್, ಅದು ಹಾಕಿದ ಗೆರೆ ದಾಟಿ ಸದ್ದು ಮೇಲೆ ಹೋಗದು. ಹುಮನಾಬಾದಿನ ಸೀರೆ ಅಂಗಡಿಗೆ ನಾನು ಮಾಡಿಕೊಡುವ ಜಾಹೀರಾತು ಆಟೋದ ಮೇಲೆ ಊರೆಲ್ಲ ಕೂಗುವುದು ಇವೆರಡರಿಂದಲೇ. ಅಂಗಡಿಯ ಗೋವರ್ಧನ ಪ್ರತಿ ಸಲವೂ “ಇನ್ನಾ ಜೋರ್ ಮಾಡ್ರಿ ಮ್ಯಾಡಂ, ಚಿಟಗುಪ್ಪಾದಾಗ ಕೇಳಬೇಕು” ಎನ್ನುತ್ತಾನೆ. ಅವನ ಜಾಹೀರಾತನ್ನು ಅದುಮುವುದಕ್ಕಿಂತ ಹೆಚ್ಚಾಗಿ ನಿನ್ನ ಹಾಡನ್ನು ಅವ್ವನಿಗಾಗಿ ಅದುಮಿದೆ.

ಆಗ ಕೇಳಿಸಿತು. ಪ್ರತಿ ಸಾಲಿನ ಕೊನೆಗೆ ಸಣ್ಣ ಸೀಟಿಯಂಥ, ಎಳೆದೆಳೆದು ಬರುವ ಸದ್ದು. ಮೊದಲು ನನ್ನದೇ ತಪ್ಪೆಂದುಕೊಂಡೆ. ಕಂಪ್ರೆಸರ್ ಅವಸರದಲ್ಲಿ ಹಿಡಿತ ಬಿಟ್ಟರೆ ಹಾಡಿನ ಹಿಂದಿನ ಗದ್ದಲ ಹೀಗೇ ಉಬ್ಬಿ ಇಳಿಯುತ್ತದೆ. ನಿಧಾನವಾಗಿ ಬಿಡುವಂತೆ ಮಾಡಿದೆ, ಸದ್ದು ಹೋಗಲಿಲ್ಲ. ಫ್ಯಾನ್ ಇರಬಹುದೆಂದುಕೊಂಡೆ. ಆದರೆ ಫ್ಯಾನ್ ಹಾಡಿನ ಸಾಲು ಮುಗಿಯಲೆಂದು ಕಾಯುವುದಿಲ್ಲವಲ್ಲ. ಎಲ್ಲವನ್ನೂ ತೆಗೆದು, ನೀನು ಕಳಿಸಿದ್ದನ್ನು ಹಾಗೇ ಕೇಳಿದೆ. ಸಣ್ಣಗೆ, ಅಲ್ಲೇ ಇತ್ತು. ಹೋದ ವರ್ಷ ದೀಪಾವಳಿಗೆ ಕಳಿಸಿದ್ದ ಪದಕ್ಕೂ ಅದೇ ಕಂಪ್ರೆಸರ್ ಹಾಕಿ ನೋಡಿದೆ. ಅದರಲ್ಲಿ ಇಲ್ಲ.

ಮರುದಿನ ಅವ್ವ ತಾನೇ ಬಂದು ಹೆಡ್‌ಫೋನ್ ಹಾಕಿಕೊಂಡಳು. ತುಸು ಹೊತ್ತು ಕೇಳಿ, “ಇಂವ ಹಾಡಾಕತ್ತಾನೋ, ಗುಡ್ಡಾ ಹತ್ತಾಕತ್ತಾನೋ?” ಎಂದಳು. ಆಕೆ ನಗಲಿಲ್ಲ. ಅದು ಮಶೀನಿನ ಸದ್ದು ಎಂದುಬಿಟ್ಟೆ. ಆಮೇಲೆ ಕುಳಿತು ಒಂದೊಂದೇ ಉಸಿರನ್ನು ಹುಡುಕಿ ಅಳಿಸಿದೆ. ಅವ್ವನಿಗೆ ಮತ್ತೆ ಕೇಳಿಸಿದಾಗ ಕಣ್ಣು ಮುಚ್ಚಿ, ಬೀಸುವವಳಂತೆ ತೊಡೆಯ ಮೇಲೆ ಕೈ ತಿರುಗಿಸುತ್ತಲೇ ಇದ್ದಳು. “ಈಗ ನೋಡು, ನನ್ನ ಮಗಾ ಕುಂತು ಹಾಡಾಕತ್ತಾನ” ಎಂದು ಪಕ್ಕದ ಮನೆಯ ಜೈನಬಿಯನ್ನೂ ಕರೆದು ಕೇಳಿಸಿದಳು. ದಿನಾ ಅದನ್ನೇ ಕೇಳುತ್ತಾಳೆ. ಆಕೆಯ ನೆಮ್ಮದಿ ನೋಡಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಸುಳ್ಳು ಹೇಳಿದ್ದು ಆಕೆಯ ಮೇಲಿನ ಕರುಣೆಯಿಂದಲೋ, ಆಕೆಯ ಮುಂದಿನ ಪ್ರಶ್ನೆಗೆ ಹೆದರಿಯೋ, ಇನ್ನೂ ತಿಳಿದಿಲ್ಲ.

ನಾನು ಡಾಕ್ಟರಲ್ಲ. ಬರೀ ನೆಗಡಿ ಇರಬಹುದು, ನಾನೇ ಇಲ್ಲದ್ದನ್ನು ದೊಡ್ಡದು ಮಾಡುತ್ತಿರಬಹುದು. ಆದರೆ ಹಿಂದೊಮ್ಮೆ ಸೋಲಾಪುರಕ್ಕೆ ಬಂದಿದ್ದಾಗ ಗ್ರಾನೈಟ್ ಕೊಯ್ಯುವಾಗ ಏಳುವ ಧೂಳನ್ನು ನೋಡಿದ್ದೇನೆ; ನಿನ್ನ ರೆಪ್ಪೆಯೂ ಬೆಳ್ಳಗಾಗಿತ್ತು. ಅಂದು ನಾನು ಹೇಳಿದರೆ ನೀನು “ಟವೆಲ್ ಕಟ್ಕೋತೀನಿ ಬಿಡು, ಏನಾಗಂಗಿಲ್ಲ” ಎಂದೆ. ಹೋದ ತಿಂಗಳು ಇಲ್ಲಿಗೆ ಬಂದಾಗ ಕೋಟೆಯ ಬಾಗಿಲಲ್ಲೇ ನಿಂತು, ಮೇಲೆ ನೋಡುವುದೇನಿದೆ ಎಂದು ಕಾಜಲಳನ್ನಷ್ಟೇ ಹತ್ತಿಸಿದ್ದೆಯಲ್ಲ, ಅದೂ ಈಗ ನೆನಪಾಗುತ್ತಿದೆ.

ವೈನಿಗೆ ನಮಸ್ಕಾರ, ಕಾಜಲಳಿಗೆ ಪ್ರೀತಿ. ಅವ್ವನ ಆಶೀರ್ವಾದ ಎಂದಿನಂತೆ ನಿನಗೆ ಒಂದು ಪಾಲು ಹೆಚ್ಚು.

ನಿನ್ನ ತಂಗಿ,
ವರ್ಷಾ

ತಾ.ಕ.: ಉಸಿರಿರುವ ಪ್ರತಿಯನ್ನು ಅಳಿಸಿಲ್ಲ. ಮುಂದಿನ ಬುಧವಾರ ಬೆಳಿಗ್ಗೆ ಇಲ್ಲಿಂದ ಬಸ್ಸು ಹಿಡಿದು ಸೋಲಾಪುರಕ್ಕೆ ಬರುತ್ತೇನೆ. ಅಲ್ಲಿ ಎದೆಯ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ, ರಜೆ ಹಾಕು. ವೈನಿಗೆ ಅಷ್ಟರೊಳಗೆ ನೀನೇ ಹೇಳು. ಎಕ್ಸ್‌ರೇಯಲ್ಲಿ ಏನೇ ಬರಲಿ, ವಾಪಸ್ ಬಂದು ಅವ್ವನಿಗೆ ಆ ಪ್ರತಿಯನ್ನೇ ಕೇಳಿಸುತ್ತೇನೆ. ಈ ಪತ್ರವನ್ನು ಶನಿವಾರ ಹಾಕೋಣವೆಂದಿದ್ದೆ. ಅಲ್ಲಿಯತನಕ ಇಟ್ಟುಕೊಂಡರೆ ಇದರಿಂದಲೂ ಏನನ್ನಾದರೂ ಅಳಿಸಿಬಿಡುತ್ತೇನೆ. ನಾಳೆಯೇ ಅಂಚೆಗೆ ಹಾಕುತ್ತೇನೆ: ೧೩ ನವೆಂಬರ್, ಗುರುವಾರ.