ಇವರ ನಾಡಿ ಗಡಿಯಾರ

ಶುಕ್ರವಾರ, ಮಧ್ಯಾಹ್ನ

ನನ್ನ ಮುದ್ದು ಅಕ್ಕಾ,

ಹೊಸ ಮನೆಯ ಹೊಸ ಮೇಜಿನ ಮೇಲೆ ಬರೆಯುತ್ತಿರುವ ಮೊದಲ ಪತ್ರ ನಿನಗೇ! ಇಂಗ್ಲಿಷ್ ಶಾಲೆಯ ಹುಡುಗಿಯ ಒತ್ತಕ್ಷರ ನೋಡಿ ಭಾವನ ಮುಂದೆ ನಗಬೇಡ. ನಾನು ಎಷ್ಟು ಸುಖವಾಗಿದ್ದೇನೆಂದರೆ ಒಮ್ಮೊಮ್ಮೆ ನನಗೇ ನಾಚಿಕೆಯಾಗುತ್ತದೆ. ಮುದ್ರಣಾಲಯದಿಂದ ಬರುವಾಗ ಇವರ ಬೆರಳಿಗೆಲ್ಲ ಶಾಯಿ ಮೆತ್ತಿರುತ್ತದೆ. ಬಾಗಿಲ ಹಿಡಿ, ಟವೆಲ್ಲು, ನನ್ನ ಕೆನ್ನೆ, ಎಲ್ಲೆಲ್ಲೂ ಇವರದೇ ಹೆಬ್ಬೆಟ್ಟು!

ಓಟ ಮಾತ್ರ ನನ್ನ ಸವತಿ. ಕಾಲೇಜಿನ ದಿನಗಳಿಂದ ಇವರದು ದೂರದ ಓಟವೇ. ಮದುವೆಯ ಹೊಸತರಲ್ಲಿ ಇವರ ಎದೆಗೆ ಕಿವಿಯಿಟ್ಟರೆ, ಒಂದು ಬಡಿತವಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ಕಾಯಬೇಕಿತ್ತು. "ಓಟಗಾರರ ಹೃದಯ ಹೀಗೇ ಕಣೇ, ಶುದ್ಧ ಸೋಮಾರಿ" ಎಂದು ನಗುತ್ತಿದ್ದರು. ಈಚೆಗೆ ಆ ಸೋಮಾರಿ ಮೆಟ್ಟಿಲು ತಪ್ಪಿದವನ ಹಾಗೆ ಮುಗ್ಗರಿಸಿ ದಡದಡ ಓಡತೊಡಗಿತು. ಒಂದು ದಿನ ಸ್ನಾನದ ಮನೆಯ ಗೋಡೆ ಹಿಡಿದು ಕುಸಿದೇಬಿಟ್ಟರು.

ಹೃದಯದ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ವ್ಯಾಯಾಮ ಒಳ್ಳೆಯದೇ ಅಂತೆ. ಆದರೆ ವರ್ಷಗಟ್ಟಲೆ, ಗಂಟೆಗಟ್ಟಲೆ ಓಡಿದ ಕೆಲವರಲ್ಲಿ ಹೃದಯದ ಮೇಲಿನ ಕೋಣೆಗಳು ಹಿಗ್ಗಿ ತಾಳ ತಪ್ಪುತ್ತವಂತೆ. "ಕೆಲವು ತಿಂಗಳು ಓಟ ಬಂದ್. ಹಟ ಮಾಡಿದ್ರೆ ದಾರೀಲೇ ಬಿದ್ದುಹೋಗ್ತೀರಿ" ಎಂದರು. ನಾಡಿ ಅಳೆಯುವ ಗಡಿಯಾರವೊಂದನ್ನು ಇವರ ಕೈಗೆ ಕಟ್ಟಿ, ಅದರ ಲೆಕ್ಕ ತಮ್ಮ ಕಂಪ್ಯೂಟರಿಗೇ ಬರುವಂತೆ ಮಾಡಿದರು. ಹೊರಗೆ ಬಂದ ಇವರು, "ಓಡದೇ ಇದ್ರೆ ನಾನು ಬರೀ ಶಾಯಿ ಮೆತ್ಕೊಂಡ ಮನುಷ್ಯ, ಅಷ್ಟೇ" ಎಂದಾಗ ನನಗೆ ಅಳುವೇ ಬಂತು.

ಆದರೆ ನಿನ್ನೆ ಡಾಕ್ಟರಮ್ಮನ ಫೋನ್ ಬಂತು ಅಕ್ಕಾ! ಬಡಿತ ಎಲ್ಲಿಯೂ ಮುಗ್ಗರಿಸಿಲ್ಲವಂತೆ. ಮೊದಲಿನ ಅತಿ ನಿಧಾನವೂ ಹೋಗಿ ಸಾಮಾನ್ಯರ ಹಾಗಾಗಿದೆಯಂತೆ. ವಿಶ್ರಾಂತಿ ಚೆನ್ನಾಗಿ ಹಿಡಿಸಿದೆ, ಪರೀಕ್ಷೆ ಬರುವ ತಿಂಗಳು ಮಾಡೋಣ, ಅಲ್ಲಿಯವರೆಗೆ ಮೆಲ್ಲಗೆ ಓಡಬಹುದು ಎಂದರು. ಇವರು ನನ್ನನ್ನು ಎತ್ತಿ ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿಸಿದರು. ಕೆಳಗಿಳಿಸುವಾಗ ಇವರ ತುಟಿ ಬಿಳಿಚಿಕೊಂಡಿತ್ತು. ಭಾನುವಾರ ದೊಡ್ಡ ಓಟವಿದೆ. ಬೂಟುಗಳು ಆಗಲೇ ಬಾಗಿಲ ಬಳಿ ಬಂದು ಕೂತಿವೆ. "ಮೆಲ್ಲಗೇ ಓಡ್ತೀನಿ, ಡಾಕ್ಟ್ರೇ ಹೇಳಿದಾರಲ್ಲ. ನಿಮ್ಮಕ್ಕಂಗೆ ಮಾತ್ರ ಬರೀಬೇಡ ಮಾರಾಯ್ತಿ, ಪಾಠ ಶುರು ಮಾಡ್ತಾರೆ" ಎಂದಿದ್ದಾರೆ.

ನೀನು ಚಿಂತೆ ಮಾಡಬೇಡ. ಕಿಟಕಿಗೆ ನೀಲಿ ಪರದೆ ಹಾಕಿದ್ದೇನೆ, ನೀನು ಹೇಳಿದ ನೀಲಿಯೇ.

ಕೆನ್ನೆಯ ಶಾಯಿ ಇನ್ನೂ ತೊಳೆಯದ,
ನಿನ್ನ ಪುಟ್ಟಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಅಕ್ಕಾ, ಗಡಿಯಾರ ಇವರ ಕೈಯಲ್ಲಿಲ್ಲ. ಕಟ್ಟಿದ ಮರುದಿನವೇ, "ಪಟ್ಟಿ ತುರಿಸುತ್ತೆ, ಸ್ವಲ್ಪ ನೀನು ಹಾಕ್ಕೊಂಡಿರು" ಎಂದು ನನಗೆ ಕೊಟ್ಟು ಬ್ರೆಡ್ಡು ತರಲು ಹೋದರು. ಗಂಡನ ಗಡಿಯಾರವೆಂಬ ಸಡಗರಕ್ಕೆ ನಾನು ಬಿಚ್ಚಲೇ ಇಲ್ಲ, ನಿದ್ದೆಯಲ್ಲೂ. ದಿನಾ ಬೆಳಿಗ್ಗೆ ಬ್ರೆಡ್ಡಿಗೆ ಅಷ್ಟು ಹೊತ್ತೇಕೆ, ಅಂಗಿ ಅಷ್ಟು ಒದ್ದೆಯೇಕೆ ಎಂದು ಕೇಳಲೂ ಇಲ್ಲ. ಡಾಕ್ಟರಮ್ಮ ಹೊಗಳಿದ್ದು ನನ್ನ ಹೃದಯವನ್ನು. ಈಗ ಅವರ ಬಳಿಗೇ ಹೊರಟಿದ್ದೇನೆ. ಇವರು ಇನ್ನು ನನ್ನೊಡನೆ ಮಾತು ಬಿಟ್ಟರೂ ಸರಿ. ಅಲ್ಲಿ ನನಗೆ ಬಾಯಿ ಬಾರದಿದ್ದರೆ ಗಡಿಯಾರ ಕಟ್ಟಿದ ಕೈ ಚಾಚುತ್ತೇನೆ. ಈ ಗಳಿಗೆಯ ನನ್ನ ಬಡಿತ ನೋಡಿದರೆ ಯಾವ ಡಾಕ್ಟರೂ ಯಾರನ್ನೂ ಓಡಲು ಬಿಡಲಾರರು.