ಕರೆಯೋಲೆ ಇಲ್ಲದ ಬೀಗರ ಬೀಗರು

ತಂಗಿ ಸುಮೀ,

ಮೊನ್ನೆ ಬೆಂಗೇರಿಯ ಶಾಲೆಯಿಂದ ಟೀಚರ್ ಫೋನ್ ಮಾಡಿದ್ದರು. "ಸರ್, ಹೊಸ ಕಂಪ್ಯೂಟರ್‌ನ್ಯಾಗ ನಿಮ್ಮ ತಂಗಿಯವರ ಸಾಫ್ಟ್‌ವೇರ್ ಚಾಲೂನ ಆಗವಲ್ತರಿ. ಸೋಮವಾರ ಪರೀಕ್ಷಾ ಐತಿ." ದೃಷ್ಟಿ ಮಂದವಿರುವ ಮಕ್ಕಳಿಗೆ ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ನೀನು ಬರೆದ ಪ್ರೋಗ್ರಾಂ ಅದು. ನೀನು ತೀರಿಹೋದ ಮೇಲೆ ಅದಕ್ಕೆ ನಾನೊಬ್ಬನೇ ದಿಕ್ಕು. ನಿವೃತ್ತನಾದ ಮೇಲೆ ಪುಸ್ತಕ ಹಿಡಿದು, ನಿನ್ನಿಂದ ಬೈಸಿಕೊಂಡು ಕಲಿತವನು...

ಹೊಸ ಕಂಪ್ಯೂಟರ್‌ಗೆ ಹಳೆಯದು ಒಗ್ಗದೆಂದು, ಬೇರೆಯವರು ಬರೆದಿಟ್ಟ ಸಿದ್ಧ ಕೋಡಾದ ಪಿಡಿಎಫ್ ಲೈಬ್ರರಿಯ ಹೊಸ ಆವೃತ್ತಿ ಹಾಕಿ, ಪ್ರೋಗ್ರಾಂ ಅನ್ನು ಮತ್ತೆ ಜೋಡಿಸಿ ಬಿಲ್ಡ್ ಮಾಡಿದೆ. ಒತ್ತಕ್ಷರ ಜೋಡಿಸುವ ಲೈಬ್ರರಿ ಸಿಗುತ್ತಿಲ್ಲ ಎಂದಿತು. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ನಮ್ಮ ಪಟ್ಟಿಯಲ್ಲಿ ನೋಡಿದರೆ ಆ ಹೆಸರೇ ಇಲ್ಲ! ಹಾಗಾದರೆ ಇಷ್ಟು ದಿನ ಹೇಗೆ ನಡೆಯಿತು?

ಆಗ ನೆನಪಾಯಿತು, ನನ್ನ ಎರಡನೇ ಮಗಳ ಮದುವೆ. ಹಿರಿಯವಳ ಮದುವೆಯಲ್ಲಿ ಬೀಗರ ಬೀಗರೊಬ್ಬರು ತಾವಾಗಿಯೇ ಟವೆಲ್ ಬಿಗಿದು ಇಡೀ ಪಂಕ್ತಿಗೆ ಬಡಿಸಿದ್ದರಲ್ಲ, ಅವರನ್ನೇ ನಂಬಿ ನಾನು ಬೇರೆ ಯಾರಿಗೂ ಹೇಳಿರಲಿಲ್ಲ. ಬೀಗರು ಬಂದರು, ಅವರು ಬರಲಿಲ್ಲ. ಜನ ಖಾಲಿ ಎಲೆ ನೋಡುತ್ತ ಕೂತರು.

"ಅಣ್ಣಾ, ಅವರಿಗೆ ಕರಿಯೋಲಿ ಕೊಟ್ಟಿದ್ದೇನ?"

"ಬೀಗರ ಜೋಡಿ ಬರ್ತಾರಂತ ಮಾಡಿದ್ದೆ."

"ಛಲೋ ಆತು! ಕೆಲಸಕ್ಕ ನೀ ಹಚ್ಚಾಂವ ಅಂದ್ರ ಕರಿಯೋಲೀನೂ ನೀನ ಕೊಡಬೇಕು. ಹಿಡಿ ಈಗ ಸಾರಿನ ಬಕೆಟ್."

ಮುಂದೆ ಪಾಠಕ್ಕೂ ಅದನ್ನೇ ಹಚ್ಚಿದೆ ನೀನು. ನಾವು ಕರೆದ ಲೈಬ್ರರಿ ತನ್ನ ಜೊತೆ ತರುವುದೆಲ್ಲ ಬೀಗರ ಬೀಗರು. ಅವರಿಂದ ನೇರವಾಗಿ ಕೆಲಸ ತೆಗೆದರೆ ಅವರ ಹೆಸರು, ಆವೃತ್ತಿ ನಮ್ಮ ಪಟ್ಟಿಯಲ್ಲೇ ಇರಬೇಕು. ಎಂಥ ಕಗ್ಗಂಟನ್ನು ಎಷ್ಟು ಸಲೀಸಾಗಿ ಬಿಡಿಸಿದ್ದೆ! ಇಲ್ಲಿಯೂ ಹಾಗೇ ಆಗಿತ್ತು. ಹಿಂದೆ ಒತ್ತಕ್ಷರದ ಲೈಬ್ರರಿಯನ್ನು ಕರೆತರುತ್ತಿದ್ದ ಪಿಡಿಎಫ್ ಲೈಬ್ರರಿ ಈ ಸಲ ಒಂದೇ ಬಂದಿತ್ತು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಪಟ್ಟಿಯಲ್ಲಿಲ್ಲದ್ದನ್ನು ಬಳಸಿದರೆ ಬಿಲ್ಡ್ ನಿಲ್ಲಿಸುವ ತಪಾಸಣೆಯೊಂದನ್ನು ನೀನು ಬರೆದಿದ್ದೆಯಲ್ಲ? ನೀನು ಹೋದಮೇಲೆ, ಕಿರಿಕಿರಿ ಎಂದು ನಾನು ಅದನ್ನು ಬಂದ್ ಮಾಡಿದ್ದೆ. ನಿನ್ನೆ ಮತ್ತೆ ಚಾಲೂ ಮಾಡಿದೆ. ಒತ್ತಕ್ಷರದ್ದೂ ಸೇರಿ ಮೂರು ಹೆಸರು ಹೇಳಿತು. ಮೂರೂ, ಅಕ್ಷರ ಇನ್ನಷ್ಟು ಹಿಗ್ಗಿಸಲು ನಾನು ಆಮೇಲೆ ಸೇರಿಸಿದ ಸಾಲುಗಳಲ್ಲಿ. ನಿನ್ನ ಅಷ್ಟು ವರ್ಷದ ಕೆಲಸದಲ್ಲಿ ಒಂದೂ ಇಲ್ಲ, ಸುಮೀ.

ಮೂವರಿಗೂ ಕರೆಯೋಲೆ ಕೊಟ್ಟೆ. ಇವತ್ತು ಅಚ್ಚಾದ ಪತ್ರಿಕೆ ನೋಡಿ ಟೀಚರ್, "ಒಂದ ಒಂದು ಒತ್ತಕ್ಷರಾನೂ ಕಳಚಿಲ್ಲರಿ" ಎಂದರು. ತಪಾಸಣೆ ಚಾಲೂ ಇದೆ. ಇನ್ನು ನಾನದನ್ನು ಮುಟ್ಟುವುದಿಲ್ಲ. ಬೈಯುತ್ತಿರಲಿ. ಈ ಮನೆಯಲ್ಲಿ ನನ್ನನ್ನು ನಿನ್ನ ಹಾಗೆ ಬೈಯುವುದು ಈಗ ಅದೊಂದೇ.

ನಿನ್ನ ಅಣ್ಣ